ಹಿತ್ತಲ ಕಾಯೋ ನಾಯಿಯನ್ನ ಕಾಯೋರು ಯಾರು?

ನಾಯಿ ಸಾಕಿದವರಿಗೆ ಒಂದು ವಿಷಯ ಬಹಳ ಬೇಗ ಗೊತ್ತಾಗ್ತದೆ. ಬೊಗಳೋದು ಒಂದೇ ಥರ ಇರೋದಿಲ್ಲ. ಪಾರ್ಸೆಲ್ ತಂದ ಹುಡುಗನಿಗೆ ಒಂದು ಥರ, ಕಾಂಪೌಂಡ್ ಮೇಲೆ ಕೂತ ಬೆಕ್ಕಿಗೆ ಇನ್ನೊಂದು ಥರ, ಮಾವಿನ ಗಿಡಕ್ಕೆ ಬಂದ ಮಂಗನಿಗೆ ಮತ್ತೊಂದು. ಇವೆಲ್ಲ ಓಡಿಸುವ ಬೊಗಳು. ನಾಲ್ಕನೆಯದು ಬೇರೆ. ನಿಂತ ಜಾಗದಲ್ಲೇ ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕಣ್ಣು ನೆಲದ ಒಂದೇ ಕಡೆ ನೆಟ್ಟಿರ್ತದೆ. ಹೆಸರು ಹಿಡಿದು ಕರೆದರೂ ತಿರುಗಿ ನೋಡೋದಿಲ್ಲ. ಹಾವು, ಚೇಳು, ಉಡದಂಥ ನೆಲಕ್ಕಂಟಿದ ಜೀವ ಎದುರಿಗೆ ಇದ್ದಾಗ ಬರುವ ಬೊಗಳು ಅದು.

ಆ ಸದ್ದು ಕೇಳಿದಾಗ ಮನೆಯೊಳಗೆ ಕೂತ ನಾವು ಹೇಳೋ ಮಾತು ಸಾಮಾನ್ಯವಾಗಿ ಒಂದೇ: "ಇರಲಿ ಬಿಡು, ನಾಯಿ ಅದಲ್ಲ."

ನಾಯಿ ಅದ, ಖರೆ. ಆದರೆ ಆ ಹೊತ್ತಿನಲ್ಲಿ ನಾಯಿಗೆ ಯಾರಿದ್ದಾರೆ ಅನ್ನೋದು ಈ ಲೇಖನದ ಪ್ರಶ್ನೆ.

ಎರಡು ಹಿತ್ತಲು, ಎರಡು ಮಣ್ಣು

ನಮ್ಮ ಮೋತಿ ಕಲಬುರಗಿಯ ಬೀದಿಯಲ್ಲಿ ಮರಿಯಾಗಿದ್ದಾಗ ಸಿಕ್ಕವನು. ಈಗ ನಾಲ್ಕು ವರ್ಷ, ತೂಕ 16 ಕೆ.ಜಿ. ವಾರದ ಐದು ದಿನ ನನ್ನ ಜೊತೆ ಸೇಡಂ ರಸ್ತೆ ಕಡೆಯ ಬಾಡಿಗೆ ಮನೆಯಲ್ಲಿರ್ತಾನೆ. ಶನಿವಾರ ಬಂತೆಂದರೆ ಕಮಲಾಪುರದ ಮನೆಗೆ. ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು ಮುಕ್ಕಾಲು ತಾಸಿನ ಹಾದಿ. ಹೀಗಾಗಿ ಅವನಿಗೆ ಎರಡು ಹಿತ್ತಲು.

ಕಲಬುರಗಿಯದು ಎರಿ ಮಣ್ಣು. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ನೆಲ ಕೈ ಹೋಗುವಷ್ಟು ಬಿರುಕು ಬಿಡ್ತದೆ. ಆ ಬಿರುಕೇ ಎಷ್ಟೋ ಜೀವಗಳಿಗೆ ತಂಪಿನ ಮನೆ. ಮೊದಲ ದೊಡ್ಡ ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ತದೆ, ಒಳಗಿದ್ದವೆಲ್ಲ ಹೊರಗೆ ಬೀಳ್ತವೆ. ನಾವಿರುವ ಬಡಾವಣೆ ಕೆಲವೇ ವರ್ಷದ ಹಿಂದೆ ತೊಗರಿ ಹೊಲ. ನಮ್ಮ ಮನೆ ಪಕ್ಕದ ಎರಡು ಸೈಟು ಇನ್ನೂ ಖಾಲಿ, ಜಾಲಿ ಬೆಳೆದು ನಿಂತಿದೆ. ಮನೆ ಕಟ್ಟಿ ಉಳಿದ ಶಹಾಬಾದ್ ಪರಸಿಯನ್ನು ಗೋಡೆಗೆ ಆನಿಸಿಟ್ಟಿರುವುದು ಇಲ್ಲಿ ಪ್ರತಿ ಮನೆಯ ಹಿಂದೆಯೂ ಕಾಣ್ತದೆ. ಒಂದರ ಮೇಲೊಂದು ಪೇರಿಸಿದ ಪರಸಿಯ ಸಂದಿಗಿಂತ ಒಳ್ಳೆಯ ಜಾಗ ಚೇಳಿಗೆ ಬೇರೆ ಸಿಗಲಿಕ್ಕಿಲ್ಲ.

ಕಮಲಾಪುರದ್ದು ಕೆಂಪು ಮಣ್ಣು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ನಮ್ಮ ಹಿತ್ತಲಲ್ಲೂ ಎಂಟು–ಹತ್ತು ಬಾಳೆ ಇವೆ. ಬಾಳೆಯ ಬುಡ ಯಾವಾಗಲೂ ಹಸಿ, ಒಣಗಿದ ಎಲೆಗಳ ರಾಶಿ. ಹಸಿ ಇದ್ದಲ್ಲಿ ಹುಳ, ಹುಳ ಇದ್ದಲ್ಲಿ ಕಪ್ಪೆ, ಕಪ್ಪೆ ಇದ್ದಲ್ಲಿ ಹಾವು. ಅದರಾಚೆ ಗೋಡೆಗೆ ಹೊಂದಿ ತೊಗರಿ ಕಟಗಿಯ ಬಣವೆ. ಸುಗ್ಗಿ ಮುಗಿದ ಮೇಲೆ ಒಲೆಗೆಂದು ಕೂಡಿಡುವ ಈ ಕಟಗಿ ನಮ್ಮ ಜಿಲ್ಲೆಯಲ್ಲಿ ಯಾವ ಹಿತ್ತಲಲ್ಲಿಲ್ಲ ಹೇಳಿ? ಉದುರಿದ ಕಾಳಿಗೆ ಇಲಿ ಬರ್ತದೆ. ಇಲಿಯ ಹಿಂದೆ ಯಾರು ಬರ್ತಾರೆ ಅನ್ನೋದನ್ನ ಹೇಳಬೇಕಾಗಿಲ್ಲ.

ಮನುಷ್ಯರು ಬಳಸುವ ಹಿತ್ತಲು ಹಗಲಿನದು. ಬಟ್ಟೆ ಒಣಗಿಸೋದು, ಪಾತ್ರೆ ತೊಳೆಯೋದು, ಕರಿಬೇವು ಕಿತ್ತು ತರೋದು. ಕತ್ತಲಾದ ಮೇಲೆ ಆ ಜಾಗಕ್ಕೆ ಬೇರೆಯವರ ಪಾಳಿ ಶುರುವಾಗ್ತದೆ. ಎರಡೂ ಪಾಳಿಯಲ್ಲಿ ಇರೋನು ನಾಯಿ ಒಬ್ಬನೇ.

ಮೋತಿಗೆ ಭೇಟಿಯಾದವರು

ನಾಲ್ಕು ವರ್ಷದಲ್ಲಿ ಮೋತಿ ಯಾರ್ಯಾರನ್ನು ಎದುರುಗೊಂಡ ಅಂತ ನೋಡಿದರೆ ಪಟ್ಟಿ ಸಣ್ಣದಲ್ಲ. ಒಬ್ಬೊಬ್ಬರದೂ ಒಂದೊಂದು ಪಾಠ.

ಅಳಿಲು: ದಿನದ ಜಗಳ. ಇವತ್ತಿನವರೆಗೂ ಒಂದೂ ಸಿಕ್ಕಿಲ್ಲ, ಇವನು ಬಿಟ್ಟೂ ಇಲ್ಲ.

ಹಾವುರಾಣಿ: ಹೊಳೆಯುವ ಮೈ ನೋಡಿ ಜನ ಇದನ್ನು ಭಾರೀ ವಿಷದ ಪ್ರಾಣಿ ಅಂತಾರೆ. ಇದಕ್ಕೆ ವಿಷವೇ ಇಲ್ಲ. ಆದರೆ ನಾಯಿ ಹಲ್ಲಿ, ಹಾವುರಾಣಿಗಳನ್ನು ಹಿಡಿದು ತಿಂದರೆ ಹೊಟ್ಟೆಗೆ ಜಂತು ಸೇರಬಹುದು. ಜಂತಿನ ಔಷಧಿ ತಪ್ಪಿಸಬಾರದು.

ಕಪ್ಪೆ: ಮಳೆಗಾಲದಲ್ಲಿ ದೀಪದ ಕೆಳಗೆ ಹುಳ ತಿನ್ನಲು ಬರುವ, ಮೈಯೆಲ್ಲ ಗಂಟಿರುವ ನೆಲಗಪ್ಪೆ. ಅದರ ಕಣ್ಣಿನ ಹಿಂದಿನ ಗ್ರಂಥಿಯಿಂದ ಹಾಲಿನಂಥ ವಿಷ ಒಸರ್ತದೆ. ಮೋತಿ ಒಮ್ಮೆ ಬಾಯಿ ಹಾಕಿ, ಮರುಕ್ಷಣ ಉಗುಳಿ, ಹತ್ತು ನಿಮಿಷ ನೊರೆ ಸುರಿಸಿದ. ಹೀಗಾದಾಗ ನಾಯಿಯ ತಲೆ ಕೆಳಗೆ ಮಾಡಿ ಬಾಯಿಯ ಪಕ್ಕದಿಂದ ನೀರು ಬಿಟ್ಟು ತೊಳೆಯಬೇಕು, ಒದ್ದೆ ಬಟ್ಟೆಯಿಂದ ವಸಡು ಒರೆಸಬೇಕು. ನೀರು ಗಂಟಲಿಗೆ ಇಳಿಯಬಾರದು. ನಡುಕ, ತೂರಾಟ ಕಂಡರೆ ಆಸ್ಪತ್ರೆಗೆ ಒಯ್ಯಲೇಬೇಕು. ಆ ವಿಷ ಹೃದಯದ ಬಡಿತಕ್ಕೇ ಕೈ ಹಾಕ್ತದೆ.

ಚೇಳು: ಪಕ್ಕದ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಗುಡ್ಡದ ಕಲ್ಲೆತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ತಾರೆ. ಅದು ಒಂದು ದಿನದ ನಂಬಿಕೆಯ ಮಾತು. ಪರಸಿ ಸಂದಿಗೆ ಮೂಗು ತೂರಿಸಿದ ನಾಯಿಗೆ ಆ ವಿನಾಯಿತಿ ಇಲ್ಲ. ಹಾವಿನ ಪ್ರತಿವಿಷ ಚೇಳಿಗೆ ಕೆಲಸ ಮಾಡೋದಿಲ್ಲ ಅನ್ನೋದೂ ನೆನಪಿರಲಿ.

ಉಡ: ಕಮಲಾಪುರದಲ್ಲಿ ಎರಡು ಸಲ ಕಂಡಿದೆ. ವಿಷ ಕಾರ್ತದೆ ಅನ್ನೋದು ಕಟ್ಟುಕತೆ. ಆದರೆ ಮೂಲೆಗೆ ಒತ್ತಿದರೆ ಬಾಲದಿಂದ ಬಾರುಕೋಲಿನಂತೆ ಹೊಡೀತದೆ, ಕಚ್ಚಿದರೆ ಬೇಗ ಬಿಡೋದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ. ಹಿಡಿದರೂ, ಕೊಂದರೂ ಜೈಲು.

ಮುಂಗುಸಿ: ನಮ್ಮ ಕಡೆ ಮುಂಗಲಿ. ಖಾಲಿ ಸೈಟಿನ ಜಾಲಿಯಲ್ಲಿ ಒಂದು ಜೋಡಿ ಇದೆ. ಮೋತಿ ಎಷ್ಟೇ ಹಾರಾಡಿದರೂ ಅವು ಬಾಲ ಉಬ್ಬಿಸಿ ಒಮ್ಮೆ ನೋಡಿ ನಡೆದುಬಿಡ್ತವೆ. ಮುಂಗುಸಿ ಹಾವಿನ ಜೊತೆ ಗುದ್ದಾಡಿ ಗೆಲ್ಲೋದಕ್ಕೆ ಬರೀ ಚುರುಕುತನ ಕಾರಣವಲ್ಲ. ನಾಗರಹಾವಿನ ವಿಷ ನರ ಮತ್ತು ಸ್ನಾಯು ಸೇರುವ ಜಾಗದ ಗ್ರಾಹಕಕ್ಕೆ ಹೋಗಿ ಅಂಟಿ ಮೈಯನ್ನು ನಿಶ್ಚಲ ಮಾಡ್ತದೆ. ಮುಂಗುಸಿಯ ಮೈಯಲ್ಲಿ ಆ ಗ್ರಾಹಕದ ಆಕಾರವೇ ಸ್ವಲ್ಪ ಬೇರೆ, ಹೀಗಾಗಿ ವಿಷ ಸರಿಯಾಗಿ ಅಂಟಿಕೊಳ್ಳೋದಿಲ್ಲ. ನಾಯಿಗೆ ಈ ಕವಚ ಇಲ್ಲ. ನಮಗೂ ಇಲ್ಲ. "ನಾಯಿ, ಮುಂಗಲಿ ಇದ್ದಲ್ಲಿ ಹಾವು ಬರಲ್ಲ" ಅಂತ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸೋದು ತಪ್ಪಾಗೋದು ಇಲ್ಲೇ.

ಆ ಶನಿವಾರ ರಾತ್ರಿ

ಮುಂಗಾರು ಶುರುವಾಗಿ ಕೆಲವು ದಿನ ಆಗಿತ್ತು. ಕಮಲಾಪುರದಲ್ಲಿ ಸಂಜೆ ಮಳೆ ಬಂದು ನಿಂತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಹಿತ್ತಲಿಂದ ಮೋತಿಯ ನಾಲ್ಕನೇ ಬೊಗಳು ಕೇಳಿಸಿತು. ಅದರ ಜೊತೆಗೇ ಕುಕ್ಕರ್‌ನಿಂದ ಆವಿ ನುಗ್ಗುವಾಗ ಬರುವಂಥ ಉದ್ದನೆಯ ಸದ್ದು. ಅವ್ವ ಒಲೆ ಕಡೆ ನೋಡಿದಳು. ಒಲೆ ಮೇಲೆ ಕುಕ್ಕರ್ ಇರಲಿಲ್ಲ.

ಅಪ್ಪ ಟಾರ್ಚ್ ಹಿಡಿದು ಬಾಗಿಲು ತೆಗೆಯೋಷ್ಟರಲ್ಲಿ ಮೋತಿ ಕುಂಯ್ ಅಂದು ಹಿಂದಕ್ಕೆ ಹಾರಿದ್ದ. ತೊಗರಿ ಕಟಗಿಯ ಬುಡದಲ್ಲಿ ಸುರುಳಿ ಸುತ್ತಿದ ದಪ್ಪ ಹಾವು. ಬೆನ್ನುದ್ದಕ್ಕೂ ಸರಪಳಿ ಜೋಡಿಸಿದಂತೆ ಕಂದು ಮಚ್ಚೆ. ಕೊಳಕುಮಂಡಲ.

ಹತ್ತು ನಿಮಿಷದಲ್ಲಿ ಮೋತಿಯ ಮೂತಿ ಒಂದು ಕಡೆ ಊದಿಕೊಂಡಿತು. ಅಷ್ಟರಲ್ಲಿ ಓಣಿಯವರು ಸೇರಿದ್ದರು. "ಅರಿಷಿಣ ಹಚ್ರಿ." "ಖಾರ ತಿನ್ನಿಸಿ ನೋಡ್ರಿ." "ಬಿಗಿದು ಕಟ್ರಿ, ವಿಷ ಮ್ಯಾಲ ಏರಬಾರದು." ಮೂತಿಗೆ ಕಡಿದರೆ ಎಲ್ಲಿ ಕಟ್ಟೋದು ಅಂತ ಯಾರೂ ಹೇಳಲಿಲ್ಲ.

ನಾಯಿಗಳಿಗೆ ಕಡಿತ ಬೀಳೋದು ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ, ಯಾಕಂದರೆ ಹೊಸದೇನಾದರೂ ಕಂಡರೆ ಅವು ಮೊದಲು ಮೂಸಿ ನೋಡ್ತವೆ, ಆಮೇಲೆ ಕಾಲಿನಿಂದ ಕೆದಕ್ತವೆ.

ಕಾಕಾ ಕಾರು ತೆಗೆದರು. ಮೋತಿ ನನ್ನ ತೊಡೆ ಮೇಲೆ. ದಾರಿಯಿಂದಲೇ ಕಲಬುರಗಿಯ ಪಶುವೈದ್ಯರಿಗೆ ಫೋನ್ ಹಚ್ಚಿದೆ. ಅವರು ಮೂರೇ ಪ್ರಶ್ನೆ ಕೇಳಿದರು: ಎಷ್ಟು ಹೊತ್ತಾಯಿತು, ಎಲ್ಲಿ ಕಡಿದಿದೆ, ಹಾವು ನೋಡಿದ್ದೀರಾ. ಆಮೇಲೆ ಹೇಳಿದ್ದು, "ಕೊರಳಪಟ್ಟಿ ಬಿಚ್ರಿ, ಬಾವು ಇಳೀತದ. ನಡಸಬ್ಯಾಡ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ಬರ್ರಿ, ನಾ ಬಾಗಲ ತೆಗೆದಿರ್ತೀನಿ." ಮಹಾಗಾಂವ ಕ್ರಾಸ್ ದಾಟುವಾಗ ವಸಡಿನಿಂದ ರಕ್ತ ಜಿನುಗಲು ಶುರುವಾಗಿತ್ತು.

ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಒಂದು ಸರಳ ಪರೀಕ್ಷೆ. ಸ್ವಚ್ಛ, ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟರು. ಆಮೇಲೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ. ಮೋತಿಯ ರಕ್ತ ನೀರಿನಂತೆ ಹರಿಯಿತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯನ್ನೆಲ್ಲ ಖಾಲಿ ಮಾಡಿಬಿಡ್ತದೆ. ಆಮೇಲೆ ಎಲ್ಲಿಂದ ಬೇಕಾದರೂ ರಕ್ತ ಸೋರಬಹುದು.

ಪ್ರತಿವಿಷ ಸಲೈನ್‌ನಲ್ಲಿ ನಿಧಾನಕ್ಕೆ ಇಳಿಯತೊಡಗಿತು. ಇದು ಮನುಷ್ಯರಿಗೆ ಕೊಡುವ ಔಷಧಿಯೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು ಬೇರ್ಪಡಿಸಿ ಮಾಡ್ತಾರೆ. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲು ಬರೋದು ಚೆನ್ನೈ ಹತ್ತಿರ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ.

16 ಕೆ.ಜಿ. ನಾಯಿಗೆ ಕಡಿಮೆ ಡೋಸ್ ಸಾಕಲ್ಲವೇ ಅಂತ ಕಾಕಾ ಕೇಳಿದರು. ಡಾಕ್ಟರು ತಲೆ ಅಲ್ಲಾಡಿಸಿದರು. "ಹಾವು ತೂಕ ನೋಡಿ ವಿಷ ಬಿಟ್ಟಿಲ್ರಿ. ಒಳಗ ಎಷ್ಟು ವಿಷ ಅದ, ಅದರ ಮ್ಯಾಲ ಡೋಸ್. ನಾಯಿ ಸಣ್ಣದಂತ ಕಡಿಮಿ ಮಾಡ್ಲಿಕ್ಕ ಬರಂಗಿಲ್ಲ."

ಬೆಳಗಿನ ಜಾವ ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿದರು. ಈ ಸಲ ನಳಿಕೆ ಬಾಗಿಸಿದರೂ ರಕ್ತ ಕದಲಲಿಲ್ಲ. ಕೊಳಕುಮಂಡಲ ಮೂತ್ರಪಿಂಡವನ್ನೂ ಕೆಡಿಸಬಲ್ಲದು, ಹಾಗಾಗಿ ಇನ್ನೂ ಮೂರು ದಿನ ಮೂತ್ರದ ಬಣ್ಣ ನೋಡೋದು, ರಕ್ತ ಪರೀಕ್ಷೆ ಮಾಡಿಸೋದು ನಡೆಯಿತು. ದವಡೆ ಕೆಳಗಿನ ಚರ್ಮ ಕಪ್ಪಾಗಿ ಕಿತ್ತುಬಂತು. ಒಟ್ಟು ಖರ್ಚು ನನ್ನ ಒಂದು ತಿಂಗಳ ಮನೆ ಬಾಡಿಗೆ ದಾಟಿತು. ಮೋತಿ ಉಳಿದ.

ಹಾವಿನ ಪಾಲಿಗೆ ಏನಾಯಿತು

ನಾವು ಕಲಬುರಗಿ ದಾರಿಯಲ್ಲಿದ್ದಾಗ ಹಿತ್ತಲಲ್ಲಿ ಬಡಿಗೆ ಹಿಡಿದವರು ನಾಲ್ಕು ಮಂದಿ. ಅಪ್ಪ ಬಿಡಲಿಲ್ಲ. ದೂರದಿಂದ ಟಾರ್ಚ್ ಬಿಟ್ಟುಕೊಂಡು ನಿಂತು, ಹಾವು ಹಿಡಿಯುವವರನ್ನು ಕರೆಸಿದರು. ಚೀಲ ಸೇರಿದ ಮೇಲೆ ಅದನ್ನು ಊರ ಹೊರಗಿನ ಗುಡ್ಡದ ಕಡೆ ಬಿಟ್ಟರು.

ಮರುದಿನ ಕಾಕಾ ಸಿಟ್ಟಾಗಿದ್ದರು. "ಅಣ್ಣಾ, ಬಿಟ್ಟು ಏನ್ ಸಾಧಿಸ್ದಿ? ನಾಳೆ ಮತ್ತ ಬರ್ತದ ನೋಡು."

"ಕೊಂದಿದ್ರೂ ಬರ್ತದ," ಅಂದರು ಅಪ್ಪ. "ಇಲಿ ಇರೋತನಕ ಯಾವ್ದಾರ ಒಂದು ಬಂದೇ ಬರ್ತದ. ಹಾವು ಹೊಡೀತಿ, ಇಲಿ ಹೆಚ್ಚಾಗ್ತಾವ. ಇಲಿ ಹೆಚ್ಚಾದ್ರ ಇನ್ನೊಂದು ಹಾವು."

ಕಾನೂನೂ ಅಪ್ಪನ ಕಡೆಗೇ ಇದೆ. ಹಾವು ಕೊಲ್ಲುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. 2022ರ ತಿದ್ದುಪಡಿಯ ಮೇಲೆ ನಾಗರಹಾವು, ಕೊಳಕುಮಂಡಲಗಳಿಗೆ ಇನ್ನೂ ಬಿಗಿಯಾದ ರಕ್ಷಣೆ ಸಿಕ್ಕಿದೆ. ಕೊಲ್ಲಲು ಹೋದಾಗಲೇ ಮನುಷ್ಯರಿಗೂ ಕಡಿತ ಬೀಳುವ ಅಪಾಯ ಜಾಸ್ತಿ ಅನ್ನೋದು ಬೇರೆ ಮಾತು.

ಆ ಅಪಾಯ ಸಣ್ಣದಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರ ಅಂದಾಜು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಆ ಲೆಕ್ಕದಲ್ಲಿ ನಾಯಿ ಬರೋದಿಲ್ಲ. ಆದರೆ ನಾಯಿಗೆ ಕಡಿದ ಹಿತ್ತಲಲ್ಲೇ ಮರುದಿನ ಬೆಳಗ್ಗೆ ಅವ್ವ ಬರಿಗಾಲಲ್ಲಿ ಕಟಗಿ ತರಲು ಹೋಗ್ತಾಳೆ ಅನ್ನೋದನ್ನ ಮರೆಯಬಾರದು.

ಅವನು ಹೀರೋ ಅಲ್ಲ

ವಾರದೊಳಗೆ ಓಣಿಯಲ್ಲಿ ಮೋತಿಯ ಕತೆ ಬೆಳೆದಿತ್ತು. ಮನೆ ಮಂದಿಯನ್ನು ಉಳಿಸಲು ಹಾವಿಗೆ ಅಡ್ಡ ನಿಂತನಂತೆ. ಇಂಥ ಸುದ್ದಿಗಳು ನಮ್ಮ ಫೋನಿಗೂ ಆಗಾಗ ಬರ್ತವೆ. ಹಾವಿನ ಜೊತೆ ಸೆಣಸಿ ಸತ್ತ ನಾಯಿ, ಅದರ ಫೋಟೊಗೆ ಹಾರ, ಕೆಳಗೆ ಸಾವಿರಾರು ಕೈಮುಗಿದ ಇಮೋಜಿ.

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರ ಮುಂದೆ ಕಾಕಾ ಇದನ್ನೇ ಹೇಳಿದರು. ಅವರು ನಕ್ಕರು. "ಅಂವ ಯಾರನ್ನೂ ಉಳಿಸ್ಲಿಕ್ಕ ಹೋಗಿಲ್ರಿ. ಮೂಸಿ ನೋಡ್ಲಿಕ್ಕ ಹೋದ. ಸಿಗರಿ ನೋಡಿದ್ರೂ ಹಂಗೇ ಹೋಗ್ತಿದ್ದ, ಇಲಿ ನೋಡಿದ್ರೂ ಹಂಗೇ."

ಇದು ಮೋತಿಯ ಮೇಲಿನ ಪ್ರೀತಿ ಕಡಿಮೆ ಮಾಡುವ ಮಾತಲ್ಲ. ಹೀರೋ ಅಂದುಬಿಟ್ಟರೆ ಅವನಿಗೆ ನಾವು ಒಂದು ಕೆಲಸ ಕೊಟ್ಟ ಹಾಗಾಗ್ತದೆ, ಸತ್ತರೆ ಅದು ಕರ್ತವ್ಯ ಆಗ್ತದೆ. ಅವನು ಕುತೂಹಲದ ಮೂಗಿರುವ ಪ್ರಾಣಿ. ಆ ಮೂಗು ಎಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬಾರದು ಅಂತ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು.

ಮೋತಿಯಿಂದಲೂ ಅಪಾಯ ಇದೆ

ಕತೆಗೆ ಇನ್ನೊಂದು ಮಗ್ಗುಲಿದೆ. ಹಿತ್ತಲಿಗೆ ಬರುವ ಕಾಡುಜೀವಿಗಳ ಕಡೆಯಿಂದ ನೋಡಿದರೆ ಅಪಾಯ ಅಂದರೆ ಮೋತಿಯೇ.

ಸಂಶೋಧಕರಾದ ಚಂದ್ರಿಮಾ ಹೋಮ್, ಯಶ್ ವೀರ್ ಭಟ್ನಾಗರ್, ಅಬಿ ವನಕ್ ಸೇರಿ ದೇಶದಾದ್ಯಂತ ಮಾಹಿತಿ ಕಲೆಹಾಕಿದಾಗ ನಾಯಿಗಳು ದಾಳಿ ಮಾಡಿದ 80 ವನ್ಯಜೀವಿ ಪ್ರಭೇದಗಳ ಪಟ್ಟಿ ಸಿಕ್ಕಿತು. ಅದರಲ್ಲಿ 31 ಅಳಿವಿನಂಚಿನ ಆತಂಕದಲ್ಲಿರುವವು. ಇದೇ ವನಕ್ ಮೊದಲು ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ಗುಳ್ಳೆನರಿಗಳನ್ನು ಗಮನಿಸಿದ್ದರು. ನಾಯಿ ಹತ್ತಿರ ಇದ್ದರೆ ಸಾಕು, ಅದು ಬೆನ್ನಟ್ಟದಿದ್ದರೂ ನರಿಗಳು ಮುಂದಿದ್ದ ಆಹಾರವನ್ನು ನೆಮ್ಮದಿಯಾಗಿ ತಿನ್ನುತ್ತಿರಲಿಲ್ಲ. ಬೊಗಳೋದೊಂದೇ ಸಾಕು, ಕಚ್ಚಬೇಕಿಲ್ಲ.

ಕಮಲಾಪುರದ ನೆರೆಯ ತಾಲ್ಲೂಕು ಚಿಂಚೋಳಿ. ಅಲ್ಲಿ 2011ರಲ್ಲಿ ಘೋಷಣೆಯಾದ 134.88 ಚದರ ಕಿ.ಮೀ. ವನ್ಯಜೀವಿ ಧಾಮ ಇದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಹುಲ್ಲೆ ಇರುವ ಒಣಕಾಡು. ತೋಳ, ನರಿಗಳು ನಾಯಿಯ ಹತ್ತಿರದ ಬಂಧುಗಳು. ನಾಯಿಗೆ ಬರುವ ರೇಬಿಸ್, ಡಿಸ್ಟೆಂಪರ್ ಅವಕ್ಕೂ ಬರ್ತವೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು, ಹಲವುಗಳಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ನಮ್ಮ ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಮನೆಯ ಗೋಡೆಯಾಚೆಗೂ ಕೆಲಸ ಮಾಡ್ತದೆ ಅನ್ನೋದು ಹೀಗೆ.

ಈಗ ನಮ್ಮ ಎರಡೂ ಹಿತ್ತಲಲ್ಲಿ ನಡೆಯೋದು

• ತೊಗರಿ ಕಟಗಿ ಗೋಡೆ ಬಿಟ್ಟು ದೂರ ಸರಿದಿದೆ. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಂದೂವರೆ ಅಡಿ ಎತ್ತರದಲ್ಲಿದೆ. ಕೆಳಗೆ ಬೆಳಕು ಹಾದರೆ ಇಲಿಯೂ ನಿಲ್ಲೋದಿಲ್ಲ, ಹಾವೂ ನಿಲ್ಲೋದಿಲ್ಲ.

• ಪರಸಿಯನ್ನು ಮಲಗಿಸಿ ಪೇರಿಸುವ ಬದಲು ಬಿಡಿಬಿಡಿಯಾಗಿ ಬಿಸಿಲಿಗೆ ನಿಲ್ಲಿಸಿದ್ದೇವೆ. ಸರಿಸುವಾಗ ಕೈಗೆ ದಪ್ಪ ಗ್ಲೌಸ್, ಕಾಲಿಗೆ ಬೂಟು.

• ನಾಯಿಯ ಊಟದ ತಟ್ಟೆ ರಾತ್ರಿ ಹೊರಗೆ ಉಳಿಯೋದಿಲ್ಲ. ಉಳಿದ ಅನ್ನಕ್ಕೆ ಬರುವ ಮೊದಲ ಅತಿಥಿ ಇಲಿ. ಇಲಿಯ ಮೂತ್ರದಿಂದ ನಾಯಿಗೂ ಮನುಷ್ಯರಿಗೂ ಇಲಿಜ್ವರ ಬರಬಹುದು.

• ಕತ್ತಲಾದ ಮೇಲೆ ಮೋತಿ ಹಿತ್ತಲಿಗೆ ಹೋಗೋದು ಬೆಲ್ಟ್ ಹಾಕಿಕೊಂಡು, ನಮ್ಮ ಟಾರ್ಚ್ ಜೊತೆ. ಮುಂಗಾರು ಶುರುವಾಗುವ ಹೊತ್ತಿನಲ್ಲಿ ಇದು ಕಟ್ಟುನಿಟ್ಟು. ಕೊಳಕುಮಂಡಲ ಮೊಟ್ಟೆ ಇಡದೆ ಮರಿ ಹಾಕುವ ಹಾವು, ಒಂದು ಸಲಕ್ಕೆ 20–40 ಮರಿ, ಹೆಚ್ಚಾಗಿ ಇದೇ ದಿನಗಳಲ್ಲಿ. ಮರಿಗೂ ಹುಟ್ಟಿದಾಗಿನಿಂದಲೇ ವಿಷ ಇರ್ತದೆ.

• "ಬಿಡು" ಅಂದರೆ ಬಿಡುವುದನ್ನು ಕಲಿಸಿದ್ದೇವೆ. ಮೊದಲು ರೊಟ್ಟಿ ಚೂರು, ಆಮೇಲೆ ಚೆಂಡು, ಆಮೇಲೆ ಅಳಿಲು. ಪ್ರತಿ ಸಲ ಬಿಟ್ಟು ಬಂದಾಗ ಬಿಟ್ಟದ್ದಕ್ಕಿಂತ ರುಚಿಯಾದದ್ದು ಸಿಗಬೇಕು. ಮೂರು ತಿಂಗಳು ಬೇಕಾಯಿತು. ಅಳಿಲಿನ ವಿಷಯದಲ್ಲಿ ಇನ್ನೂ ಪೂರ್ತಿ ಪಾಸಾಗಿಲ್ಲ.

• ರೇಬಿಸ್, ಡಿಸ್ಟೆಂಪರ್, ಇಲಿಜ್ವರದ ಲಸಿಕೆಗಳ ತಾರೀಖು ಫೋನಿನ ಕ್ಯಾಲೆಂಡರ್‌ನಲ್ಲಿವೆ. ಮುಂಗುಸಿ, ನರಿ, ಮಂಗ ಯಾವುದೇ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ.

• ಅಂಗಳದ ಆಚೆ ತುದಿಯಲ್ಲಿ ಹಕ್ಕಿ, ಅಳಿಲಿಗೆ ಒಂದು ನೀರಿನ ಬೋಗುಣಿ ಇಟ್ಟಿದ್ದೇವೆ. ಬೇಸಿಗೆಯಲ್ಲಿ ನೀರು ಅಲ್ಲೇ ಸಿಕ್ಕರೆ ಅವು ನಾಯಿಯ ಬಟ್ಟಲಿನವರೆಗೆ ಬರುವ ಅಗತ್ಯ ಬೀಳೋದಿಲ್ಲ.

ಹಾವು ಕಡಿದರೆ

1. ನಾಯಿಯನ್ನು ಹಾವಿನಿಂದ ದೂರ ಎಳೆಯಿರಿ. ಹಾವು ಹಿಡಿಯಲು, ಹೊಡೆಯಲು ಹೋಗಬೇಡಿ. ದೂರದಿಂದ ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ.

2. ಕೊರಳಪಟ್ಟಿ ಬಿಚ್ಚಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಓಡಿದಷ್ಟೂ ವಿಷ ಬೇಗ ಹರಡುತ್ತದೆ. ನೋವಿನಲ್ಲಿರುವ ನಾಯಿ ನಿಮ್ಮನ್ನೂ ಕಚ್ಚಬಹುದು, ದಪ್ಪ ಬಟ್ಟೆ ಸುತ್ತಿ ಎತ್ತಿಕೊಳ್ಳಿ.

3. ಬಿಗಿದು ಕಟ್ಟೋದು, ಕೊಯ್ಯೋದು, ಹೀರೋದು, ಐಸ್ ಇಡೋದು, ಅರಿಷಿಣ, ಖಾರ, ಎಣ್ಣೆ ಯಾವುದೂ ಬೇಡ. ಮನುಷ್ಯರ ನೋವಿನ ಮಾತ್ರೆಯಂತೂ ಕೊಡಲೇಬಾರದು.

4. ಬಾವು, ರಕ್ತ ಕಂಡರೆ ಮಂಡಲದ ಹಾವಿರಬಹುದು. ಕಣ್ಣುರೆಪ್ಪೆ ಜೋಲುವುದು, ಜೊಲ್ಲು, ಹಿಂಗಾಲು ತಡವರಿಸುವುದು ನಾಗರ ಅಥವಾ ಕಟ್ಟುಹಾವಿನ ಲಕ್ಷಣ. ಕಟ್ಟುಹಾವು ಕಡಿದ ಗುರುತೇ ಕಾಣದಿರಬಹುದು. ಲಕ್ಷಣ ಬರಲಿ ಅಂತ ಕಾಯಬೇಡಿ.

5. ಹೊರಡುವ ಮೊದಲು ಫೋನ್ ಮಾಡಿ ಪ್ರತಿವಿಷ ಇದೆಯೇ ಕೇಳಿ. ಇಲ್ಲದ ಕಡೆ ಹೋಗಿ ವಾಪಸ್ ಬರುವಷ್ಟು ಸಮಯ ಇರೋದಿಲ್ಲ. ಈ ಕೆಲಸ ಇವತ್ತೇ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು: ನಿಮ್ಮೂರಲ್ಲಿ ರಾತ್ರಿ ಬಾಗಿಲು ತೆಗೆಯುವ ಪಶುವೈದ್ಯರ ನಂಬರ್, ಹಾವು ಹಿಡಿಯುವವರ ನಂಬರ್, ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಕಮಲಾಪುರ, ಹುಮನಾಬಾದ್ ಕಡೆಯವರಿಗೆ ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ ಅನ್ನೋದು ಗೊತ್ತಿರಲಿ.

ಪಂಚಮಿಗೆ ಮುಂಚೆ

ಶ್ರಾವಣ ಬಂತೆಂದರೆ ನಮ್ಮಲ್ಲಿ ಪಂಚಮಿಯ ಸಡಗರ. ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ, ಜೋಕಾಲಿ. ಹೆಣ್ಣುಮಕ್ಕಳು ಹುತ್ತಕ್ಕೆ ಹಾಲೆರೆಯಲು ಹೊರಡ್ತಾರೆ. ಹಾವು ಹಾಲು ಕುಡಿಯೋದಿಲ್ಲ ಅನ್ನೋದು ಈಗ ಎಲ್ಲರಿಗೂ ಗೊತ್ತು, ಅವ್ವನಿಗೂ ಗೊತ್ತು. ಕಲ್ಲಿನ ನಾಗರಕ್ಕೆ ಕೈಮುಗಿದು ಜೀವಂತ ನಾಗರವನ್ನು ಹೊಡೆಯುವ ನಮ್ಮ ಈ ಇಬ್ಬಗೆಯನ್ನು ಬಸವಣ್ಣನವರು 12ನೇ ಶತಮಾನದಲ್ಲೇ, ಇದೇ ಕಲ್ಯಾಣದ ನೆಲದಲ್ಲಿ ಎತ್ತಿ ಆಡಿದ್ದರು.

ಈ ಸಲ ಪಂಚಮಿಗೆ ಎರಡು ದಿನ ಮುಂಚೆ ಅವ್ವ ನನ್ನನ್ನೂ ಕಾಕಾನನ್ನೂ ಹಿಡಿದು ಹಿತ್ತಲ ಸ್ವಚ್ಛ ಮಾಡಿಸಿದಳು. ಬಾಳೆಯ ಒಣ ಎಲೆ ಗುಡಿಸಿದ್ದು, ಕಟಗಿ ಇಳಿಸಿ ಮತ್ತೆ ಒಟ್ಟಿದ್ದು, ಇಲಿ ಬಿಲ ಮುಚ್ಚಿದ್ದು. ಹಬ್ಬದ ದಿನ ಎಂದಿನಂತೆ ಹಾಲಿನ ತಂಬಿಗೆ ಹಿಡಿದು ಹೊರಟಳು. ಇಷ್ಟೆಲ್ಲ ಮಾಡಿಸಿದ ಮೇಲೂ ಹಾಲು ಯಾಕೆ ಅಂತ ಕಾಕಾ ಕೆಣಕಿದರು.

ಅವ್ವ ಸೆರಗು ಸರಿಮಾಡಿಕೊಳ್ಳುತ್ತಾ ಅಂದಳು: "ಹುತ್ತಿಗಿ ಹಾಲೂ ಎರಿತೀನಿ, ಹಿತ್ತಲದಾಗ ಕಟಗೀನೂ ಸರಿಸೀನಿ. ಯಾವ್ದು ಹೆಚ್ಚು ಸೇರ್ತದ ಅಂತ ನಾಗಪ್ಪನೇ ನೋಡ್ಕೊಳ್ಲಿ."